ಬನದ ಹುಣ್ಣಿಮೆಗೆ ಲಾಳ

ಹುನಗುಂದದ ಎರೆಭೂಮಿಯಲ್ಲಿ ದುಡಿಯುವ ಎತ್ತಿಗೆ ವರ್ಷದ ಬಹುಭಾಗ ಲಾಳದ ಅವಶ್ಯಕತೆ ಬೀಳುವದಿಲ್ಲ. ಮಳೆಗಾಲದಲ್ಲಿ ಆ ಮಣ್ಣು ಬೆಣ್ಣೆಯಂತೆ ಮೆತ್ತಗಾಗುವದು. ಪುಷ್ಯಮಾಸದಲ್ಲಿ ಬಿರುಕು ಬಿಟ್ಟರೂ ಗೊರಸನ್ನು ಸವೆಯಿಸುವಷ್ಟು ಒರಟಾಗುವದಿಲ್ಲ. ಆದರೆ ಅದೇ ಪುಷ್ಯದ ಹುಣ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ, ಬಾದಾಮಿಯ ಬನಶಂಕರಿಯ ತೇರು. ಚಕ್ಕಡಿ ಕಟ್ಟಿಕೊಂಡು ಹೊರಟವನಿಗೆ ಡಾಂಬರು ರಸ್ತೆ ತಪ್ಪಿದ್ದಲ್ಲ. ಹೋಗಿಬರುವ ನಾಲ್ಕು ದಿನಗಳಿಗಾಗಿ ಎತ್ತುಗಳಿಗೆ ಲಾಳ ಹೊಡೆಯಿಸಬೇಕೆ, ಬೇಡವೆ? ಈ ಪ್ರಶ್ನೆ ಸಣ್ಣದೆಂದು ಎತ್ತು ಕಟ್ಟದವರಿಗೆ ಮಾತ್ರ ಅನಿಸುವದು.

2025ರಲ್ಲಿ ಆ ಹುಣ್ಣಿಮೆಯು ಜನೆವರಿ 13ರಂದು, ಸಂಕ್ರಾಂತಿಯ ಮುನ್ನಾದಿನ ಬಂದಿತ್ತು. ಹುನಗುಂದ ತಾಲೂಕಿನ ಒಬ್ಬ ಒಕ್ಕಲಿಗನ ಮನೆಯಲ್ಲಿ ಹದಿನೈದು ದಿನ ಮೊದಲೇ ಈ ಚರ್ಚೆ ಎದ್ದಿತು. ಇಳಕಲ್ಲಿನ ನೇಕಾರ ಗೆಳೆಯರು ತಮ್ಮ ಕುಲದೇವಿಯ ದರ್ಶನಕ್ಕೆ ಬಸ್ಸಿನಲ್ಲಿ ಹೊರಡುವವರಿದ್ದರು. ತಮ್ಮನ ಟ್ರ್ಯಾಕ್ಟರು ಅಂಗಳದಲ್ಲಿಯೇ ನಿಂತಿತ್ತು. ಆದರೆ ಮುದಿತಾಯಿಯ ಹರಕೆ ಚಕ್ಕಡಿಯದು. ಹಿಂದಿನ ವರ್ಷ ಅವಳು ಕಾಯಿಲೆ ಬಿದ್ದಾಗ, ಎದ್ದರೆ ತನ್ನ ಮನೆಯ ಎತ್ತಿನ ಬೆನ್ನಹಿಂದೆ ಕುಳಿತು ಬರುವೆನೆಂದು ಬೇಡಿಕೊಂಡಿದ್ದಳು.

ಜೋಡಿಯೇನೋ ಒಳ್ಳೆಯ ಕಿಲಾರಿ. ಹಿರಿಯ ಎತ್ತು ಲಾಳವನ್ನು ಬಲ್ಲದು. ಕಿರಿಯದು ಒಮ್ಮೆಯೂ ಹೊಡೆಯಿಸಿಕೊಂಡುದಲ್ಲ, ಹೊಲದ ಹೊರಗಿನ ನೆಲವನ್ನು ಬಹಳ ಕಂಡುದೂ ಅಲ್ಲ. ಹುನಗುಂದದಿಂದ ಅಮೀನಗಡ, ಐಹೊಳೆ, ಪಟ್ಟದಕಲ್ಲುಗಳ ಮೇಲೆ ಹಾಯ್ದು ಬಾದಾಮಿಯನ್ನು ಸೇರುವ ಆ ದಾರಿಯಲ್ಲಿ ಎರೆ ಹಿಂದುಳಿದು ಮರಳುಗಲ್ಲಿನ ಸೀಮೆ ತೊಡಗುವದು. ಬರಿಗೊರಸು ಅಲ್ಲಿ ಎರಡು ದಿನ ತಿಕ್ಕಿದರೆ ಅಂಗಾಲು ತೆಳುವಾಗಿ ಎತ್ತು ಹೆಜ್ಜೆಯಿಡಲು ಅಳುಕುವದು. ತೇರಿನ ಗದ್ದಲದಲ್ಲಿ ಕುಂಟುವ ಎತ್ತಿನೊಡನೆ ನಿಂತವನ ಪಾಡು ಯಾರಿಗೂ ಬೇಡ.

ಲಾಳ ಹೊಡೆಯಿಸುವದೂ ನಿರ್ಭಯದ ಕೆಲಸವಲ್ಲ. ಕುದುರೆಯದು ಒಂದೇ ಗೊರಸು; ಎತ್ತಿನದು ಸೀಳಿದ್ದು. ಕಾಲಿಗೆ ಎರಡರಂತೆ ಒಂದು ಎತ್ತಿಗೆ 8, ಜೋಡಿಗೆ 16 ತಗಡುಗಳು. ಹಗ್ಗ ಹಾಕಿ ಎತ್ತನ್ನು ಕೆಡವಿ, ಕಾಲು ಬಿಗಿದು, ಗೊರಸಿನ ಹೊರಗೋಡೆಯಲ್ಲಿ ಮಾತ್ರ ಮೊಳೆ ಹಾಯಿಸಬೇಕು. ನೂಲಿನಷ್ಟು ಒಳಸರಿದರೆ ಜೀವಮಾಂಸಕ್ಕೆ ತಾಗಿ ಕೀವು ತುಂಬುವದು. ಹೊಲದಲ್ಲಿ ಬಿಳಿಜೋಳ ತೆನೆಯೊಡೆದು ನಿಂತಿದೆ. ಇನ್ನೊಂದು ತಿಂಗಳಲ್ಲಿ ಸುಗ್ಗಿ. ಆಗ ಕಿರಿಯ ಎತ್ತು ಕಾಲೂರದಿದ್ದರೆ ಕಣಕ್ಕೆ ತೆನೆ ಹೊರುವವರಾರು? ಮೇಲಾಗಿ ನುಣುಪಾದ ಡಾಂಬರಿನ ಮೇಲೆ ಕಬ್ಬಿಣವೂ ಜಾರುವದುಂಟು. ಚಕ್ಕಡಿಗೆ ಈಗ ರಬ್ಬರಿನ ಗಾಲಿ. ಹಳೆಯ ಕಟ್ಟಿಗೆಯ ಗಾಲಿ ಎತ್ತಿನ ಹೆಗಲನ್ನು ದಣಿಸುತ್ತಿತ್ತು. ಈ ಹೊಸದು ಹಗುರಾಗಿ ಉರುಳುವದರಿಂದಲೇ ಇಳಿಜಾರಿನಲ್ಲಿ ಎತ್ತುಗಳನ್ನು ಹಿಂದಿನಿಂದ ನೂಕುವದು. ಸುಧಾರಣೆಯೆಂದು ನಾವು ಕರೆಯುವ ಎಷ್ಟೋ ಸಂಗತಿಗಳು ಹೆಗಲಿನ ಭಾರವನ್ನು ಹೀಗೆ ಕಾಲಿಗೆ ಇಳಿಸಿವೆ.

ಹಿಮ ಬೀಳುವ ದೇಶಗಳ ಜನರಿಗೂ ಇಂತಹದೇ ತೊಡಕು. ಚಳಿಯು ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಬೇಸಿಗೆಯ ಟಾಯರಿನ ರಬ್ಬರು ಗಡುಸಾಗಿ ನೆಲವನ್ನು ಹಿಡಿಯಲೊಲ್ಲದು. ಮೆತ್ತನ್ನ ರಬ್ಬರಿನ ಬೇರೊಂದು ಜೋಡಣೆಯನ್ನು ಚಳಿಗಾಲಕ್ಕೆಂದೇ ಕೊಳ್ಳಬೇಕು. ಕೆಲವೇ ದಿನಗಳ ಪ್ರವಾಸಕ್ಕೆ ಇಷ್ಟು ಹಣವೇಕೆಂದು ಅಲ್ಲಿಯೂ ಹಲವರು ಹಿಂಜರಿಯುವರು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಈ ಹಿಂಜರಿಕೆಗೆ ಆಸ್ಪದವಿಲ್ಲ. 2008ರಿಂದ ಅದು ಕಾಯಿದೆಯೇ ಆಗಿದೆ. ಆದರೆ ಟಾಯರಿಗೆ ನೋವಿಲ್ಲ. ಅಲ್ಲಿಯ ಲೆಕ್ಕ ಹಣಕ್ಕೂ ಪ್ರಾಣಕ್ಕೂ ಮುಗಿಯುವದು; ಇಲ್ಲಿ ಲೆಕ್ಕದೊಳಗೆ ಮೂಕಪ್ರಾಣಿಯೊಂದು ನಿಂತಿದೆ.

ಇದನ್ನು ಎಲ್ಲರಿಗಿಂತ ಮೊದಲು ಆಡಿದವಳು ತಾಯಿಯೇ. “ನಿನಗ ಹೊರಿ ಆದ್ರ ಬಸ್ಸಿಗೆ ಹೋಗೂಣು, ತಮ್ಮಾ. ಮೂಕಪ್ರಾಣಿಗೆ ನೋವ ಮಾಡಿ ತಾಯಿ ಮುಂದ ನಿಂತ್ರ ಏನ ಬಂತು?”

ಮಗನು ಉತ್ತರ ಕೊಡದೆ ನಾಲಬಂದನ ಕಡೆಗೆ ನಡೆದನು. ಎತ್ತುಗಳು ಕಡಿಮೆಯಾದಂತೆ ಈ ಕಸುಬಿನವರೂ ವಿರಳರಾಗಿದ್ದಾರೆ, ಸಿಕ್ಕವನು ಮುದುಕ. ಅವನು ಕಿರಿಯ ಎತ್ತಿನ ನಾಲ್ಕೂ ಕಾಲುಗಳನ್ನು ಎತ್ತಿ ನೋಡಿ, ಗೊರಸನ್ನು ಬೆರಳಿನಿಂದ ಬಡಿದು, “ಇವತ್ತ ಹೊಡದು ನಾಳೆ ಹೊಂಟ್ರ ನನ್ನ ಮ್ಯಾಲ ಬರಬ್ಯಾಡ್ರಿ, ಗೌಡ್ರ. ಎಂಟ ದಿನ ಮೊದಲ ತರ್ರಿ. ಮೊಳಿ ತಪ್ಪಿದ್ರ ಅಷ್ಟರಾಗ ಕಾಲ ಹೇಳತೈತಿ” ಎಂದನು.

ಹೊರಡುವ ದಿನಕ್ಕೆ ಒಂಬತ್ತು ದಿನ ಮೊದಲು ಲಾಳ ಬಿತ್ತು. ಕಿರಿಯ ಎತ್ತು ಎದ್ದು ನಿಂತು, ತನ್ನ ಕಾಲು ತನ್ನದಲ್ಲವೆಂಬಂತೆ ಒಂದೊಂದನ್ನೇ ಎತ್ತಿ ಇಟ್ಟಿತು. ಮೊದಲೆರಡು ದಿನ ಮುಂದಿನ ಬಲಗಾಲನ್ನು ಕೊಂಚ ಹಗುರಾಗಿ ಊರುತ್ತಿತ್ತು. ತಾಯಿಯು ಸಂಜೆಗೊಮ್ಮೆ ಕೊಟ್ಟಿಗೆಗೆ ಹೋಗಿ ಆ ಗೊರಸು ಬಿಸಿಯಾಗಿದೆಯೋ ಎಂದು ಅಂಗೈಯಿಟ್ಟು ನೋಡುವಳು. ನಾಲ್ಕನೆಯ ದಿನಕ್ಕೆ ಅಳುಕು ಹೋಯಿತು. ಆದರೂ ಅವಳು ನೋಡುವದನ್ನು ಬಿಡಲಿಲ್ಲ.

ಜನೆವರಿ 11ರ ನಸುಕಿನಲ್ಲಿ, ಇನ್ನೂ ಚಳಿ ಇರುವಾಗಲೇ ಚಕ್ಕಡಿ ಹೊರಟಿತು. ಇಳಿಜಾರು ಬಂದಲ್ಲೆಲ್ಲ ಮಗನು ಕೆಳಗಿಳಿದು ನೊಗದ ಮುಂದೆ ನಡೆಯುತ್ತಿದ್ದನು. ಮೂರನೆಯ ಇಳಿಜಾರಿನಲ್ಲಿ ತಿರುಗಿ ನೋಡಿದಾಗ ತಾಯಿಯೂ ಇಳಿದು, ಸೆರಗು ಬಿಗಿದುಕೊಂಡು, ಗಾಲಿಯ ಪಕ್ಕದಲ್ಲಿ ನಡೆಯುತ್ತಿದ್ದಳು.