ಉಡಿದಾರ ಕಟ್ಟಿದ ಮುದ್ದೆ

ನಮ್ಮ ಗಣಿತದ ಪುಸ್ತಕದ ಗೋಳಗಳೆಲ್ಲ ಒಂದೇ ಮನೆತನದವು. ತ್ರಿಜ್ಯ 7, ಇಲ್ಲವೇ 3.5, 10.5, ಬಹಳವೆಂದರೆ 21. ಪೈಗೆ 22/7 ಹಾಕಿದಾಗ ಕೆಳಗಿನ ಏಳು ಸದ್ದಿಲ್ಲದೆ ಹೊಡೆದುಹೋಗಲಿ ಎಂದು ಪುಸ್ತಕ ಬರೆದವರು ತೋರಿದ ಕರುಣೆ ಅದೆಂದು ಆಗ ಗೊತ್ತಿರಲಿಲ್ಲ. ಲೋಕದ ಚೆಂಡು, ಗೋಲಿ, ಗುಂಡುಗಳೆಲ್ಲ ಏಳರ ಮಗ್ಗಿಯಲ್ಲೇ ಹುಟ್ಟುತ್ತವೆ ಎಂದುಕೊಂಡಿದ್ದೆ. ಜೊತೆಗೆ ಆ ಪುಸ್ತಕದಲ್ಲಿ ಒಬ್ಬ ಪುಣ್ಯಾತ್ಮ ದೊಡ್ಡ ಸೀಸದ ಗುಂಡನ್ನು ಕರಗಿಸಿ ಸಣ್ಣ ಗುಂಡುಗಳನ್ನು ಎರಕ ಹೊಯ್ಯುತ್ತಲೇ ಇದ್ದ. ಯಾಕೆ ಕರಗಿಸುತ್ತಾನೆ, ಯಾರಿಗೆ ಮಾರುತ್ತಾನೆ, ಕಡೆಗೂ ತಿಳಿಯಲಿಲ್ಲ. ಎಷ್ಟಾದವು ಎಂದು ಎಣಿಸಿಕೊಡುವ ಬಿಟ್ಟಿ ಕೆಲಸ ಮಾತ್ರ ನಮ್ಮದು.

‘ನಾಲ್ಕು ಬೈ ಮೂರು ಪೈ ಆರ್ ಕ್ಯೂಬ್’ ಎಂದು ನಾವು ಭಜನೆಯಂತೆ ಒದರುತ್ತಿದ್ದುದನ್ನು ಕೇಳಲಾರದೆ ಮೇಷ್ಟ್ರು ಒಂದು ದಿನ ತೆಂಗಿನ ಚಿಪ್ಪು ತಂದರು. ರಟ್ಟು ಸುತ್ತಿ ಒಂದು ಶಂಕು ಮಾಡಿದರು. ಬಾಯಿ ಚಿಪ್ಪಿನಷ್ಟೇ ಅಗಲ, ಎತ್ತರ ತ್ರಿಜ್ಯದಷ್ಟು. ಎರಡು ಶಂಕು ಮರಳು ಸುರಿದರೆ ಅರ್ಧಗೋಳ ತುಂಬಲೇಬೇಕು. ಸುರಿದರು. ಚಿಪ್ಪು ಇನ್ನೂ ಬಾಯಿ ಕಳೆದುಕೊಂಡೇ ಇತ್ತು. ಮೇಷ್ಟ್ರು ಕೈ ಒದರಿಕೊಂಡು, “ಸೂತ್ರ ಸರಿಯಾಗೇ ಐತೆ ಕಣ್ರೋ, ಕಾಯಿ ತಪ್ಪು ಮಾಡೈತೆ” ಎಂದರು.

ತಪ್ಪು ಮಾಡದ ಗೋಳ ನಮ್ಮ ಮನೆಯಲ್ಲೇ ದಿನಾ ರಾತ್ರಿ ತಟ್ಟೆಗೆ ಬೀಳುತ್ತಿತ್ತು. ಅಜ್ಜಿ ಅಂಗೈಗೆ ನೀರು ಹಚ್ಚಿಕೊಂಡು ಹಬೆಯಾಡುವ ಹಿಟ್ಟನ್ನು ಹಲಗೆಯ ಮೇಲೆ ನಾಲ್ಕು ಸುತ್ತು ಹೊರಳಿಸಿದರೆ ಮುದ್ದೆ ಕನ್ನಡಿಯಂತೆ ಮಿಂಚುತ್ತಿತ್ತು. ಹೂ ಕಟ್ಟುವ ದಾರ ತಂದು ಅದರ ಸೊಂಟ ಅಳೆದೆ. ಸರಿಯಾಗಿ 22 ಸೆಂಟಿಮೀಟರ್! ಅಜ್ಜಿಗೂ ಏಳರ ಮಗ್ಗಿ ಒಲಿದಿತ್ತು. ಏಳನ್ನು ಸೂತ್ರಕ್ಕೆ ಹಾಕಿ, ಸ್ಲೇಟಿನ ತುಂಬ ಗುಣಿಸಿ, ಉತ್ತರ ಸಾರಿದೆ: 1437 ಘನ ಸೆಂಟಿಮೀಟರ್.

“ಅಂಗಂದ್ರೆ?”

“ಹತ್ತತ್ರ ಒಂದೂವರೆ ಲೀಟ್ರು, ಅಜ್ಜಿ.”

“ಒಂದೂವರೆ ಲೀಟ್ರು ಹಿಟ್ಟುಂಡೋನು ಹಿಂಗೆ ಕಡ್ಡಿಯಂಗಿರ್ತಿದ್ಯೇನ್ಲಾ? ಮೊದ್ಲು ಉಣ್ಣು, ಆರೋಯ್ತದೆ.”

ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ತಪ್ಪನ್ನು ಹಿಡಿದೇಬಿಟ್ಟಿದ್ದಳು. ಏಳು ಬಂದದ್ದು ವ್ಯಾಸ, ನಾನು ಹಾಕಿದ್ದು ತ್ರಿಜ್ಯದ ಜಾಗಕ್ಕೆ. ಎರಡು ಪಟ್ಟಿನ ತಪ್ಪು ಘನವಾದಾಗ ಎಂಟು ಪಟ್ಟು. ನಿಜವಾದ ಮುದ್ದೆ 180ಕ್ಕೆ ಕೊಂಚ ಕಡಿಮೆ. ದಾರ ಬಿಚ್ಚಿದೆ. ಸೊಂಟದ ಸುತ್ತ ಉಡಿದಾರದ ಗುರುತು ಉಳಿದಿತ್ತು. ಅಲ್ಲಿಂದಲೇ ಮುರಿದು ಉಪ್ಸಾರಿಗೆ ಅದ್ದಿದೆ.

ಆ ಅವಮಾನಕ್ಕೆ ಮದ್ದು ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. 499ರ ‘ಆರ್ಯಭಟೀಯ’ದಲ್ಲಿ ಆರ್ಯಭಟನೇ ಇಲ್ಲಿ ಎಡವಿದ್ದಾನೆ. ವೃತ್ತದ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸಿದರೆ ಗೋಳದ ಘನಫಲ ಎನ್ನುತ್ತಾನೆ. ಅಷ್ಟಕ್ಕೇ ಬಿಡದೆ ಅದು ‘ನಿರವಶೇಷ’, ಎಂದರೆ ಕರಾರುವಾಕ್ಕು ಎಂದೂ ಸೇರಿಸುತ್ತಾನೆ! ಅವನ ಲೆಕ್ಕದಲ್ಲಿ ನನ್ನ ಮುದ್ದೆ ಸುಮಾರು 239. ಎರಡು ತುತ್ತು ಜಾಸ್ತಿ. 1150ರಲ್ಲಿ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಅದನ್ನು ನೇರ ಮಾಡಿದ: ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸು. 154ನ್ನು ಏಳರಿಂದ ಗುಣಿಸಿ ಆರರಿಂದ ಭಾಗಿಸಿ ನೋಡಿದೆ. ಅಜ್ಜಿಯ ಮುದ್ದೆಯೇ ಬಂತು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ.

ಈಗ ಬೆಂಗಳೂರಿನ ಅಡುಗೆಮನೆಯಲ್ಲಿ ಭಾನುವಾರ ಮುದ್ದೆ ತೊಳಸುವುದು ನನ್ನ ಪಾಲಿನ ಕೆಲಸ. ಮೊನ್ನೆ ಮಗಳು ಅದೇ ಪಾಠ ಓದುತ್ತಿದ್ದಳು. ಉತ್ಸಾಹದಿಂದ ದಾರ ಕೊಟ್ಟು ತಟ್ಟೆ ಮುಂದಿಟ್ಟೆ. ನಾನು ಕಟ್ಟಿದ ಮುದ್ದೆಯನ್ನು ಅವಳು ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದಳು:

“ಅಪ್ಪಾ, ಇದಕ್ಕೆ ಸೊಂಟ ಎಲ್ಲಿದೆ?”