ಬಾಕಿ ಸಂಬಳ ಕೇಳಲು ಬಂದವನು ಮಡಿದ ಊರು

ಬೆಳಗಿನ ಉಪಾಹಾರ ಮುಗಿಯುವ ಹೊತ್ತಿಗೆ ಹಡಗು ಡ್ಯಾನ್ಯೂಬ್ ನದಿಯ ದಡಕ್ಕೆ ಬಂದು ನಿಂತಿರುತ್ತದೆ. ಕೆಳಗಿಳಿದರೆ ಜರ್ಮನಿಯ ಬವೇರಿಯಾ ರಾಜ್ಯದ ರೇಗನ್ಸ್‌ಬರ್ಗ್ ಪಟ್ಟಣ. ಪ್ರವಾಸಿಗರ ಕಿವಿಯಲ್ಲಿ ವಿವರಣೆ ಕೇಳುವ ಪುಟ್ಟ ಯಂತ್ರ, ಕೈಯಲ್ಲೊಂದು ನಕ್ಷೆ, ಮುಂದೆ ಮಾರ್ಗದರ್ಶಿ. ಸಂಜೆಯೊಳಗೆ ಮರಳಬೇಕು. ಹದಿನೆಂಟು ಶತಮಾನಗಳ ಊರನ್ನು ನೋಡಲು ಒಂದೇ ಒಂದು ಹಗಲು!

ರೈನ್ ನದಿಯಲ್ಲಿ ಹೊರಟ ದೊಡ್ಡ ಹಡಗುಗಳು ಇಲ್ಲಿಗೆ ಬರುವಂತಾದದ್ದು 1992ರಲ್ಲಿ. ಆ ವರ್ಷ ತೆರೆದ 171 ಕಿಲೋಮೀಟರ್ ಉದ್ದದ ಕಾಲುವೆ, ರೈನ್‌ನ ಉಪನದಿ ಮೈನ್ ಹಾಗೂ ಡ್ಯಾನ್ಯೂಬ್‌ಗಳನ್ನು ಕೂಡಿಸಿತು. ನಡುವೆ ಗುಡ್ಡಗಾಡು. ಬಾಗಿಲು ಮುಚ್ಚಿ ನೀರು ತುಂಬಿಸುವ ತೊಟ್ಟಿಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದಂತೆ ಹಡಗು ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೇರಿ, ಹಾಗೆಯೇ ಇಳಿಯುತ್ತದೆ.

ಊರಿನ ಮೊದಲ ಆಕರ್ಷಣೆ ಕಲ್ಲುಸೇತುವೆ. 1135ರಲ್ಲಿ ಆರಂಭವಾಗಿ ಹನ್ನೊಂದು ವರ್ಷಗಳಲ್ಲಿ ಮುಗಿದ ಕೆಲಸ. ಕಮಾನುಗಳು ಕಿರಿದು, ಕಂಬಗಳು ದಪ್ಪ. ಬುಡದ ಮಣ್ಣು ಕೊಚ್ಚಿಹೋಗದಿರಲೆಂದು ಪ್ರತಿ ಕಂಬದ ಸುತ್ತ ನಡುಗಡ್ಡೆಯಂಥ ಕಟ್ಟೆ. ಹೀಗಾಗಿ ನದಿಗೆ ಉಳಿದ ದಾರಿ ಇಕ್ಕಟ್ಟು. ಅಷ್ಟೇ ನೀರು ಕಿರಿದಾದ ಜಾಗದಲ್ಲಿ ಹಾಯಬೇಕಾದರೆ ವೇಗ ಹೆಚ್ಚಲೇಬೇಕು. ಕಮಾನುಗಳ ಕೆಳಗೆ ಸುಳಿಗಳು ಭೋರ್ಗರೆಯುತ್ತವೆ. ದೊಡ್ಡ ಹಡಗುಗಳಿಗೆ ಇಲ್ಲಿ ಪ್ರವೇಶವಿಲ್ಲ, ಅವು ಬಳಸು ಕಾಲುವೆ ಹಿಡಿಯಬೇಕು. 1945ರ ಏಪ್ರಿಲ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರೇ ಸೇತುವೆಯ ಒಂದು ಭಾಗವನ್ನು ಸಿಡಿಸಿದ್ದರು. ಅದು ಪೂರ್ತಿ ದುರಸ್ತಿಯಾದದ್ದು 1967ರಲ್ಲಿ.

ಸೇತುವೆಗೊಂದು ಕಥೆಯಿದೆ. ಇದನ್ನು ಕಟ್ಟುವವನಿಗೂ ಊರಿನ ದೊಡ್ಡ ಇಗರ್ಜಿ ಕಟ್ಟುವವನಿಗೂ ಪಂಥ ಬಿತ್ತಂತೆ. ಸೋಲುವ ಭಯದಿಂದ ಸೇತುವೆಯವನು ಸೈತಾನನ ನೆರವು ಬೇಡಿದ. ಮೊದಲು ದಾಟುವ ಮೂರು ಜೀವಗಳು ತನಗೆ ಸೇರಬೇಕೆಂದು ಸೈತಾನ ಕೇಳಿದ. ಕೆಲಸ ಮುಗಿದಾಗ ಈ ಜಾಣ ಒಂದು ಹುಂಜ, ಒಂದು ಹೇಂಟೆ, ಒಂದು ನಾಯಿಯನ್ನು ಸೇತುವೆಯ ಮೇಲೆ ಅಟ್ಟಿದ! ಸೊಗಸಾದ ಕಥೆಯೇ ಸರಿ. ಆದರೆ ಈಗಿರುವ ಇಗರ್ಜಿಯ ಕೆಲಸ ಆರಂಭವಾದದ್ದು ಸೇತುವೆ ಮುಗಿದು ನೂರು ವರ್ಷಗಳು ಕಳೆದ ಮೇಲೆ. ಅದರ 105 ಮೀಟರ್ ಎತ್ತರದ ಜೋಡಿ ಶಿಖರಗಳು ಪೂರ್ಣಗೊಂಡದ್ದು 1869ರಲ್ಲಿ.

ಸೇತುವೆಯ ಮಗ್ಗುಲಲ್ಲೇ ಹಳೆಯ ಉಪ್ಪಿನ ಕೋಠಿ, ಪಕ್ಕದಲ್ಲಿ ಕೆಂಡದ ಮೇಲೆ ಸಾಸೇಜ್ ಸುಡುವ ಪುರಾತನ ಅಡುಗೆಮನೆ. ಅಲ್ಲಿ ಸದಾ ಜನಜಂಗುಳಿ. ಮುಂದೆ ಓಣಿಯೊಳಗೆ ನಡೆದರೆ ಕ್ರಿ.ಶ. 179ರಲ್ಲಿ ನೆಲೆಗೊಂಡ ರೋಮನ್ ಸೇನಾಶಿಬಿರದ ಹೆಬ್ಬಾಗಿಲು ಗೋಡೆಯಲ್ಲಿ ಸೇರಿಕೊಂಡಿದೆ. ಇಡೀ ಹಳೆಯ ಪಟ್ಟಣವನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಸೇತುವೆಯಿಂದ ಕೆಲವೇ ನಿಮಿಷ ನಡೆದರೆ ಸಿಗುವ ಇನ್ನೊಂದು ಮನೆಯ ಮುಂದೆ ಇಂಥ ಗದ್ದಲವಿಲ್ಲ. ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆಂದು ತೋರಿಸಿದ ಯೋಹಾನೆಸ್ ಕೆಪ್ಲರ್ ಕೊನೆಯುಸಿರೆಳೆದದ್ದು ಇಲ್ಲಿ. ಮೂವರು ಚಕ್ರವರ್ತಿಗಳ ಆಸ್ಥಾನ ಗಣಿತಜ್ಞನಾಗಿದ್ದ ಆತನಿಗೆ ಬರಬೇಕಿದ್ದ ಸಂಬಳದ ಬಾಕಿ ಸುಮಾರು 12,000 ಗಿಲ್ಡರ್‌ಗೆ ಬೆಳೆದಿತ್ತು. 1630ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನೆಂಡ್ ಈ ಊರಿನಲ್ಲಿ ಸಭೆ ನಡೆಸುತ್ತಿದ್ದಾನೆಂದು ತಿಳಿದು, ಬಾಕಿ ಕೇಳಲು ಕುದುರೆ ಏರಿ ಬಂದ. ಚಳಿಗಾಲದ ಆರಂಭ, ದೂರದ ದಾರಿ. ಪರಿಚಿತನೊಬ್ಬನ ಈ ಮನೆಯಲ್ಲಿ ಇಳಿದುಕೊಂಡವನಿಗೆ ಜ್ವರ ಬಂತು. ನವೆಂಬರ್ 15ರಂದು, ತನ್ನ 58ನೆಯ ವಯಸ್ಸಿನಲ್ಲಿ ತೀರಿಕೊಂಡ. ಬಾಕಿ ಬಾಕಿಯಾಗಿಯೇ ಉಳಿಯಿತು. ಊರಗೋಡೆಯ ಹೊರಗೆ ಆತನನ್ನು ಹೂಳಿದ ಸ್ಮಶಾನವೂ ಕೆಲವೇ ವರ್ಷಗಳಲ್ಲಿ ಯುದ್ಧದಲ್ಲಿ ನಾಶವಾಯಿತು. ಸಮಾಧಿಯ ಗುರುತೇ ಇಲ್ಲ. 1808ರಲ್ಲಿ ಕಟ್ಟಿದ ಕಂಬಗಳ ಮಂಟಪವೊಂದು ರೈಲುನಿಲ್ದಾಣದ ಸಮೀಪದ ಉದ್ಯಾನದಲ್ಲಿದೆ, ಅಷ್ಟೆ.

ಆತ ಬಿಟ್ಟುಹೋದ ಲೆಕ್ಕ ಮಾತ್ರ ಅಳಿದಿಲ್ಲ. ಗ್ರಹದ ದೂರಕ್ಕೂ ಅದು ಒಂದು ಸುತ್ತು ಹಾಕುವ ಕಾಲಕ್ಕೂ ಇರುವ ಸಂಬಂಧವನ್ನು ಆತನ ಮೂರನೆಯ ನಿಯಮ ಹೇಳುತ್ತದೆ. ಭೂಮಿಯ ಜೊತೆಜೊತೆಗೇ ದಿನಕ್ಕೊಂದು ಸುತ್ತು ಬರುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲೇ ಇರಬೇಕೆಂಬುದು ಅದೇ ನಿಯಮದ ಲೆಕ್ಕ. ಹಾಸನದ ನಿಯಂತ್ರಣ ಕೇಂದ್ರದವರು ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ಸುತ್ತುವುದೂ ಆ ಎತ್ತರದಲ್ಲೇ.

ಸಂಜೆ ಹಡಗಿನ ಶಿಳ್ಳೆ ಕೇಳಿಸುವ ಮುನ್ನ ಆ ಮನೆಯ ಮುಂದೆ ಐದು ನಿಮಿಷ ನಿಂತು ಬರುವುದು ಕಷ್ಟವಲ್ಲ. ಸಾಸೇಜ್ ಅಂಗಡಿಯ ಸಾಲಿನಲ್ಲಿ ಕಾಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.