ಸುವರ್ಣತೀರದಿಂದ ಕಾಕಾ ಅವರಿಗೆ

ಎಲ್ಮಿನಾ, ಘಾನಾ
ಮಂಗಳವಾರ

ಪೂಜ್ಯ ಕಾಕಾ ಅವರಿಗೆ ಶರಣು ಶರಣಾರ್ಥಿಗಳು.



ಅಕ್ರಾ ನಗರದಿಂದ ಪಶ್ಚಿಮಾಭಿಮುಖವಾಗಿ ಸುಮಾರು 150 ಕಿಲೋಮೀಟರು ಸಾಗಿ ಈ ಊರನ್ನು ಸೇರಿದೆನು. ಗಿನಿ ಕೊಲ್ಲಿಯ ಈ ತೀರದಲ್ಲಿ ಸ್ವಾಭಾವಿಕ ಬಂದರುಗಳು ವಿರಳವಾದುದರಿಂದ, 1928ರಲ್ಲಿ ಟಕೊರಾಡಿಯ ಬಂದರು ಸಿದ್ಧವಾಗುವವರೆಗೂ ಹಡಗುಗಳು ತೆರೆಗಳ ಅಬ್ಬರಕ್ಕೆ ಅಂಜಿ ದೂರದಲ್ಲಿಯೇ ಲಂಗರು ಹಾಕುತ್ತಿದ್ದವು. ಜನರನ್ನೂ ಸರಕನ್ನೂ ದಡಕ್ಕೆ ಮುಟ್ಟಿಸುತ್ತಿದ್ದವರು ಇಲ್ಲಿಯ ದೋಣಿಗಾರರು. ಒಂದೇ ಮರದ ಬೊಡ್ಡೆಯನ್ನು ಕೊರೆದು ಮಾಡಿದ ಅವರ ದೋಣಿಗಳು ಇಂದು ಬೆನ್ಯಾ ಹಿನ್ನೀರಿನಲ್ಲಿ ಒತ್ತೊತ್ತಾಗಿ ನಿಂತಿವೆ. ನಮ್ಮಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತುಗಳ ಹೆಗಲಿಗೆ ನೊಗವಿಡದಿರುವಂತೆ, ಇವರು ಮಂಗಳವಾರವನ್ನು ಕಡಲಿಗೆ ಮೀಸಲಿಟ್ಟು ಅಂದು ಬಲೆ ಬೀಸುವುದಿಲ್ಲ. ವೃದ್ಧರೊಬ್ಬರು ಮರಳಿನಲ್ಲಿ ಕುಳಿತು, ಕಾಲಿನ ಹೆಬ್ಬೆರಳಿಗೆ ಬಲೆಯನ್ನು ಸಿಕ್ಕಿಸಿ ಬಿಗಿಹಿಡಿದು, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದರು. ಗೊಂಜಾಳದ ಹಿಟ್ಟನ್ನು ಹುಳಿಬರಿಸಿ, ಎಲೆಯಲ್ಲಿ ಸುತ್ತಿ ಬೇಯಿಸಿದ ‘ಕೆಂಕಿ’ಯನ್ನು ಅವರ ಮನೆಯವರು ನನಗೂ ನೀಡಿದರು; ಜೊತೆಗಿದ್ದ ಮೀನನ್ನು ಬಿಟ್ಟು, ಖಾರದ ಚಟ್ನಿಯೊಡನೆ ತೃಪ್ತಿಯಾಗಿ ಉಂಡೆನು.

ದೋಣಿಗಳ ಆಚೆಗೆ ಕೋಟೆ. 1482ರಲ್ಲಿ ಪೋರ್ಚುಗೀಸರು ಕಟ್ಟಿದ ಇದನ್ನು 1637ರಲ್ಲಿ ಡಚ್ಚರು ವಶಪಡಿಸಿಕೊಂಡರು; 1872ರಲ್ಲಿ ಇದು ಆಂಗ್ಲರ ಪಾಲಾಯಿತು. ಬಂಗಾರಕ್ಕಾಗಿ ಬಂದವರು ಕ್ರಮೇಣ ಮನುಷ್ಯರನ್ನೇ ಸರಕನ್ನಾಗಿ ಮಾಡಿದರು. ಗಾಳಿಬೆಳಕಿಲ್ಲದ ನೆಲಮನೆಗಳಿಂದ ಸಮುದ್ರದೆಡೆಗೆ ತೆರೆಯುವ ಬಾಗಿಲು, ಒಬ್ಬನು ಮಾತ್ರ ಮೈಯೊತ್ತಿಕೊಂಡು ಹಾಯಬಹುದಾದಷ್ಟು ಕಿರಿದು. ಅದರ ಮುಂದೆ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಆದರೆ ಕಾಕಾ, ಇದೇ ತೀರಕ್ಕೆ ಬೇರೆಯ ಉದ್ದೇಶದಿಂದ ಬಂದವರೂ ಉಂಟು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನು ಅದಕ್ಕೂ ಮೊದಲೇ, 1828ರಲ್ಲಿ, ಇಲ್ಲಿಗೆ ನಾಲ್ವರನ್ನು ಕಳುಹಿತ್ತು; ಮೂರು ವರ್ಷಗಳೊಳಗೆ ನಾಲ್ವರೂ ಈ ಮಣ್ಣಿನಲ್ಲಿಯೇ ಮಡಿದರು. ಅವರ ಹಿಂದೆ ಬಂದ ಕ್ರಿಸ್ಟಾಲರ್ ಎಂಬ ಪಂಡಿತರು ಇಲ್ಲಿಯ ಟ್ವಿ ಭಾಷೆಯ ವ್ಯಾಕರಣವನ್ನು ರಚಿಸಿ, 1881ರಲ್ಲಿ ಅದರ ನಿಘಂಟನ್ನು ಪ್ರಕಟಿಸಿದರು. ಅದೇ ಮಿಶನ್ನಿನ ನಮ್ಮ ಕಿಟ್ಟೆಲರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಮತಪ್ರಚಾರವೇ ಇವರೆಲ್ಲರ ಮೂಲೋದ್ದೇಶವಾಗಿತ್ತೆಂಬುದು ನಿಜ. ಆದರೂ ಬಡವರ ಮನೆಮಾತನ್ನು ಶಾಸ್ತ್ರಗ್ರಂಥದಷ್ಟು ಶ್ರದ್ಧೆಯಿಂದ ಅಭ್ಯಸಿಸಿದ ಆ ದುಡಿಮೆಗೆ ಈ ಜನವೂ ನಾವೂ ಸಮಾನವಾಗಿ ಋಣಿಗಳೆಂದು ನಾನು ಭಾವಿಸುತ್ತೇನೆ.

ತಮ್ಮ ಶಾಲೆಯಲ್ಲಿ ಕಿಟ್ಟೆಲರ ಪಾಠ ಬಂದಾಗ ಮಕ್ಕಳಿಗೆ ಕ್ರಿಸ್ಟಾಲರ ಹೆಸರನ್ನೂ ದಯವಿಟ್ಟು ಹೇಳಿರಿ; ಭೂಪಟದಲ್ಲಿ ಈ ತೀರವನ್ನೂ ತೋರಿಸಿರಿ.

ತಮ್ಮ ಆಶೀರ್ವಾದಾಕಾಂಕ್ಷಿ